ಸಾವಿರ ಸಾವುಗಳ ನಡುವೆ ಒಂದು ಕೊಲೆ

ಮಹಾಮಾರಿಗೆ ಸಿಕ್ಕಿ ಊರೇ ಸಾಯುತ್ತಿರುವಾಗ ಒಂದೇ ಒಂದು ಕೊಲೆಯ ಸುಳಿವು ಹಿಡಿದು ಹೊರಡುವ ಪತ್ತೇದಾರಿ ಕಾದಂಬರಿಯನ್ನು ಓದುವುದು ಹೃದಯಹೀನತೆಯೇ? ಅಲ್ಲವೆಂದು ನಾನು ವಾದಿಸುತ್ತೇನೆ. ಸ್ಕಾಟ್ಲೆಂಡಿನ ಪೀಟರ್ ಮೇ 2005ರಲ್ಲಿ ಬರೆದ ‘ಲಾಕ್‌ಡೌನ್’ನಲ್ಲಿ ಹಕ್ಕಿಜ್ವರಕ್ಕೆ ಲಂಡನ್ ಬಾಗಿಲು ಮುಚ್ಚಿದೆ, ತುರ್ತು ಆಸ್ಪತ್ರೆ ಕಟ್ಟುವ ಜಾಗದಲ್ಲಿ ಮಗುವೊಂದರ ಮೂಳೆಗಳ ಚೀಲ ಸಿಗುತ್ತದೆ. ಇದು ನಂಬುವಂಥದ್ದಲ್ಲ ಎಂದು ಪ್ರಕಾಶಕರು ತಳ್ಳಿಹಾಕಿದ್ದ ಆ ಪುಸ್ತಕ 2020ರಲ್ಲಿ ಅಚ್ಚಾಯಿತು. ಸಾವಿರಾರು ಹೆಣಗಳ ನಡುವೆ ಒಂದು ಮಗುವಿನ ಮೂಳೆಗೇಕೆ ತನಿಖೆ ಎಂಬ ಪ್ರಶ್ನೆಯೇ ಅದರ ಜೀವ. ಪಿಡುಗು ಪ್ರತಿ ಸಾವನ್ನೂ ಸಂಜೆಯ ಬುಲೆಟಿನ್ನಿನ ಅಂಕಿಯಾಗಿಸುತ್ತದೆ, ಕಾರಣವನ್ನು ಮೊದಲೇ ಬರೆದಿಟ್ಟುಬಿಡುತ್ತದೆ. ಪತ್ತೇದಾರಿ ಕಥೆ ಆ ಕಾರಣವನ್ನು ಒಪ್ಪದೆ, ಈತ ಹೇಗೆ ಸತ್ತ ಎಂದು ಮತ್ತೆ ಕೇಳುತ್ತದೆ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನೂ ಈ ಕಣ್ಣಿನಿಂದ ನೋಡಬಹುದು: ಅಗ್ರಹಾರದಲ್ಲಿ ಇಲಿಗಳು ಬೀಳುತ್ತಿವೆ, ಹದ್ದುಗಳು ಇಳಿಯುತ್ತಿವೆ, ಸುಳಿವೆಲ್ಲ ಕಣ್ಣೆದುರಿಗೇ ಇದೆ. ಅಲ್ಲಿ ಸತ್ತವನೊಬ್ಬನ ಶವಕ್ಕೆ ಸಂಸ್ಕಾರ ಯಾರು ಮಾಡಬೇಕೆಂಬ ಜಿಜ್ಞಾಸೆಯಲ್ಲಿ ಮುಳುಗಿದವರಿಗೆ ಅವನು ಯಾವುದರಿಂದ ಸತ್ತ ಎಂಬುದು ಬೇಗ ಹೊಳೆಯುವುದೇ ಇಲ್ಲ.

ಇಂಥ ಕಥೆ ವ್ಯವಸ್ಥೆಯ ತಪ್ಪನ್ನು ಒಬ್ಬ ಖಳನ ತಲೆಗೆ ಕಟ್ಟಿ ಓದುಗನಿಗೆ ಸುಳ್ಳು ಸಮಾಧಾನ ಕೊಡುತ್ತದೆ ಎಂಬ ಆಕ್ಷೇಪವಿದೆ. ಅದು ಗಟ್ಟಿಯಾದ ಆಕ್ಷೇಪವೇ. 2021ರ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಕೋವಿಡ್ ಔಷಧ ರೆಮ್‌ಡೆಸಿವಿರ್‌ನ ಖಾಲಿ ಸೀಸೆಗೆ ಸಲೈನು ಮತ್ತು ಆಂಟಿಬಯೋಟಿಕ್ ತುಂಬಿ ಮಾರಿದ ಪ್ರಕರಣದಲ್ಲಿ ಪೊಲೀಸರು ಬಂಧಿಸಲು ಆರೋಪಿಗಳಿದ್ದರು. ಮರುತಿಂಗಳು ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ರೋಗಿಗಳು ಸತ್ತಾಗ ಹಾಗೆ ಬೊಟ್ಟುಮಾಡಲು ಒಬ್ಬನಿರಲಿಲ್ಲ. ಆದರೂ ಆಕ್ಸಿಜನ್ ಕೊರತೆಯಿಂದ ಸತ್ತವರು ಮೂವರೇ ಎಂಬ ಸರ್ಕಾರದ ಮಾತನ್ನು ಹೈಕೋರ್ಟ್ ನೇಮಿಸಿದ ಸಮಿತಿ ಒಪ್ಪಲಿಲ್ಲ. ಸಿಲಿಂಡರ್ ಎಷ್ಟು ಹೊತ್ತಿಗೆ ಮುಗಿಯಿತು, ಯಾರು ಯಾರಿಗೆ ಫೋನ್ ಮಾಡಿದರು, ಲಾರಿ ಎಲ್ಲಿ ನಿಂತಿತ್ತು ಎಂಬ ಪತ್ತೇದಾರನ ಪ್ರಶ್ನೆಗಳಿಲ್ಲದೆ ಇಂಥ ಸಾವುಗಳ ಸತ್ಯ ಹೊರಬರುವುದಿಲ್ಲ. ಒಬ್ಬ ಗುಮಾಸ್ತನ ಕೈಗೆ ಕೋಳ ತೊಡಿಸಿ ಕಥೆ ಮುಗಿಸುವ ಕಾದಂಬರಿ ಸುಳ್ಳು ಹೇಳುತ್ತದೆ, ನಿಜ. ಅದು ಆ ಕಾದಂಬರಿಕಾರನ ದೋಷ, ಪ್ರಕಾರದ್ದಲ್ಲ. ಮನೆಯವರನ್ನು ಕಳೆದುಕೊಂಡವರಿಗೆ ಇಂಥ ಕಥೆ ಗಾಯಕ್ಕೆ ಉಪ್ಪು ಸವರಿದಂತಾಗದೇ ಎಂದು ಕೇಳುವವರಿದ್ದಾರೆ. ಓದಲಾಗದವರು ಓದಬೇಕಿಲ್ಲ, ಆದರೆ ನಮ್ಮವರು ಹೇಗೆ ಸತ್ತರು ಎಂದು ಮೊದಲು ಕೇಳಿದವರು ಆ ಮನೆಯವರೇ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಮುಗಿಬಿದ್ದು ಓದಿದ ಕನ್ನಡಕ್ಕೆ ಇಂಥ ಕಾದಂಬರಿ ಬೇಕು. ಅದಕ್ಕೆ ಲಂಡನ್ನೇ ಆಗಬೇಕಿಲ್ಲ, ಮಾವಿನ ಮಂಡಿಗಳ ಊರಾದ ಶ್ರೀನಿವಾಸಪುರ ಸಾಕು. ಕೋವಿಡ್‌ನ ಎರಡು ವರ್ಷವೂ ಸೋಂಕು ಮತ್ತು ಮಾವಿನ ಸುಗ್ಗಿ ಒಟ್ಟಿಗೇ ಬಂದವು. ಬಾದಾಮಿ, ತೋತಾಪುರಿ ಹಣ್ಣಾಗುವುದಕ್ಕೆ ಲಾಕ್‌ಡೌನ್ ಅಡ್ಡಿಯಲ್ಲ, ಆದ್ದರಿಂದ ಮಂಡಿ ನಡೆಯಲೇಬೇಕು, ಹೊರರಾಜ್ಯದ ಲಾರಿಗಳು ಬರಲೇಬೇಕು. ಊರಿನವನೇ ಮನೆಯಿಂದ ಹೊರಬರಲಾಗದ ದಿನ, ಗಾಜಿಗೆ ಪಾಸು ಅಂಟಿಸಿಕೊಂಡ ಲಾರಿ ಚೆಕ್‌ಪೋಸ್ಟ್ ದಾಟಿ ಹೋಗುತ್ತದೆ. ಎಲ್ಲರ ಮುಖದ ಮೇಲೂ ಮಾಸ್ಕು. ನೋಡಿದ್ದೇನೆ ಎನ್ನುವ ಸಾಕ್ಷಿಯೂ ಕಣ್ಣನ್ನಷ್ಟೇ ನೋಡಿರುತ್ತಾನೆ. ಕೋವಿಡ್ ಎಂದು ಸುತ್ತಿಕೊಟ್ಟ ಶವವನ್ನು ಮನೆಯವರು ದೂರದಿಂದಲೇ ನೋಡಿ ಕಳಿಸಿದ್ದಾರೆ. ಬೇರೆ ಕಾಲದಲ್ಲಿ ಲೇಖಕ ಕಷ್ಟಪಟ್ಟು ಹೆಣೆಯಬೇಕಾದ ಮರೆಗಳನ್ನೆಲ್ಲ ಇಲ್ಲಿ ಸರ್ಕಾರದ ನಿಯಮವೇ ಒದಗಿಸಿದೆ. ಅಂಥ ಕಥೆಯ ತನಿಖಾಧಿಕಾರಿ ಮೊದಲು ತರಿಸಿಕೊಳ್ಳಬೇಕಾದದ್ದು ಎರಡು ಪುಸ್ತಕ: ಚೆಕ್‌ಪೋಸ್ಟಿನ ರಿಜಿಸ್ಟರು, ಸ್ಮಶಾನದ ರಿಜಿಸ್ಟರು.