ಕೋಟು ತೊಟ್ಟ ಸೀಸವೂ ಸೀಸವೇ

ಪಿಸ್ತೂಲಿನ ಕಾಡತೂಸನ್ನು ಮನೆಯಲ್ಲೇ ತುಂಬಿಕೊಳ್ಳುವುದು ಅಮೆರಿಕದಲ್ಲಿ ಹಳೆಯ ಹವ್ಯಾಸ. ಹಾರಿಸಿದ ಮೇಲೆ ಬಿದ್ದ ಹಿತ್ತಾಳೆಯ ಕೇಸನ್ನು ಹೆಕ್ಕಿ ತಂದು, ಶುಚಿ ಮಾಡಿ, ಹೊಸ ಪ್ರೈಮರ್, ಮದ್ದು, ಗುಂಡು ಕೂರಿಸುತ್ತಾರೆ. ಯಾವ ಗುಂಡು ಎಂಬಲ್ಲಿಂದ ಜಗಳ ಶುರು. ಎರಕದ ಸೀಸವೋ, ತಾಮ್ರದ ಜಾಕೆಟ್ಟಿನದೋ, ತಾಮ್ರದ ಲೇಪದ್ದೋ, ಪಾಲಿಮರ್ ಬಳಿದದ್ದೋ? ಗುರಿ ಎಷ್ಟು ನೆಟ್ಟಗೆ, ಸಾವಿರಕ್ಕೆ ಎಷ್ಟು ಡಾಲರ್, ನಳಿಗೆಗೆ ಎಷ್ಟು ಸೀಸ ಮೆತ್ತುತ್ತದೆ ಎಂದು ಗಂಟೆಗಟ್ಟಲೆ ವಾದಿಸುತ್ತಾರೆ. ಮೈಗೆ ಮೆತ್ತುವ ಸೀಸದ ಮಾತು ಬಂದರೆ ಮಾತ್ರ ಬಹಳ ಮಂದಿಗೆ ಆಕಳಿಕೆ.

‘ಫುಲ್ ಮೆಟಲ್ ಜಾಕೆಟ್’ ಎಂಬ ಹೆಸರೇ ಅರ್ಧ ಸುಳ್ಳು. ಮೂತಿಗೆ, ಪಕ್ಕಕ್ಕೆ ತಾಮ್ರವಿದೆ. ಬುಡ ಸಾಮಾನ್ಯವಾಗಿ ಬರಿಮೈ. ಮದ್ದು ಉರಿದ ಬಿಸಿ ಅನಿಲ ಬಡಿಯುವುದು ಆ ಬುಡಕ್ಕೇ. ಸುತ್ತಲೂ ಲೇಪವಿರುವ ಗುಂಡು ಈ ವಿಷಯದಲ್ಲಿ ಮೇಲು, ಆದರೆ ಅದರ ತೆಳು ತಾಮ್ರ ಹೆಚ್ಚು ವೇಗ ತಾಳದು. ಪೂರ್ತಿ ತಾಮ್ರದ್ದು ದುಬಾರಿ. ಸೀಸಕ್ಕಿಂತ ಹಗುರ ಲೋಹವಾದ್ದರಿಂದ ಅಷ್ಟೇ ತೂಕಕ್ಕೆ ಉದ್ದವಾಗಿ ಕೇಸಿನೊಳಗೆ ಮದ್ದಿನ ಜಾಗ ತಿನ್ನುತ್ತದೆ. ಹಳೆಯ ಅಳತೆಯನ್ನೇ ಅದಕ್ಕೂ ಹಾಕುವಂತಿಲ್ಲ.

ಗುಂಡು ಬದಲಿಸಿದರೂ ಮುಗಿಯಲಿಲ್ಲ. ಹೆಚ್ಚಿನ ಪ್ರೈಮರ್‌ಗಳಲ್ಲೂ ಸೀಸದ ಸಂಯುಕ್ತವಿದೆ. ಖಾಲಿ ಕೇಸುಗಳನ್ನು ಒಣ ಹೊಟ್ಟಿನಲ್ಲಿ ಉರುಳಿಸಿ ಉಜ್ಜುವಾಗ ಏಳುವ ಧೂಳಿನಲ್ಲಿ ಅದೇ ಇರುತ್ತದೆ.

ಎರಕದವರ ಬಳಿ ಸಿದ್ಧ ಉತ್ತರವಿದೆ: ಸೀಸ 327 ಡಿಗ್ರಿಗೆ ಕರಗುತ್ತದೆ, ಕುದಿಯಲು 1,700 ದಾಟಬೇಕು, ಹಾಗಾದರೆ ಹೊಗೆ ಎಲ್ಲಿಂದ? ಲೆಕ್ಕ ಸರಿ, ದಾರಿ ತಪ್ಪು. ಮೂಗಿಗೆ ಕಾವಲು ಕೂತವರು ಬಾಯಿಯನ್ನು ಮರೆತಿದ್ದಾರೆ. ಕರಗಿದ ಸೀಸದ ಮೇಲಿಂದ ತೆಗೆದ ಕಿಟ್ಟ ಕೈಗೆ, ಕೈಯಿಂದ ರೊಟ್ಟಿಗೆ. ಪಾದರಕ್ಷೆಗಂಟಿದ ಪುಡಿ ನೆಲಹಾಸಿಗೆ. ‘ನಮ್ಮಜ್ಜ ಜೀವಮಾನವಿಡೀ ಸೀಸ ಎರೆದರು, ಎಂಬತ್ತು ದಾಟಿದರು’ ಎನ್ನುವವರೂ ಇದ್ದಾರೆ. ಇರಲಿ, ಅಜ್ಜ ಗಟ್ಟಿ ಆಸಾಮಿ. ಆ ನೆಲಹಾಸಿನ ಮೇಲೆ ಅಂಬೆಗಾಲಿಡುವುದು ಅಜ್ಜನಲ್ಲ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಗೊತ್ತಿಲ್ಲ. ಗಮನಿಸಬೇಕಾದ ಮಟ್ಟವನ್ನು ಅಮೆರಿಕದ ಸಿಡಿಸಿ 2021ರಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಮಿಗೆ ಇಳಿಸಿತು.

ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ನಿಷಿದ್ಧ. ಸೀಸ ಹೊಕ್ಕ ಮಾಂಸ ತಿಂದು ಕಾಂಡೋರ್ ಹದ್ದುಗಳು ಸಾಯುತ್ತಿದ್ದವು. ಒಳ್ಳೆಯ ಕಾನೂನು. ಗುರಿ ಅಭ್ಯಾಸಕ್ಕೆ ಅದು ಅನ್ವಯಿಸದು. ಮನೆಯ ಗ್ಯಾರೇಜಿನಲ್ಲಿ ಸೀಸ ಎರೆಯುವವನನ್ನೂ ಅದು ಕೇಳುವುದಿಲ್ಲ.

ಪ್ರತಿ ಸಾವಿರ ಗುಂಡಿನಲ್ಲಿ ಉಳಿದ ಡಾಲರನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವವರು, ಪಕ್ಕದ ಕಾಲಮ್ಮಿನಲ್ಲಿ ವರ್ಷಕ್ಕೊಮ್ಮೆ ಮನೆಮಂದಿಯ ರಕ್ತದ ಸೀಸದ ಅಂಕಿಯನ್ನೂ ಬರೆಯಲಿ. ಯಾವ ಗುಂಡು ಅಗ್ಗ ಎಂದು ಆಮೇಲೆ ಜಗಳವಾಡಲಿ.