ತಾಮ್ರಕ್ಕೆ ಹೆಸರು ಕೊಟ್ಟ ದ್ವೀಪದಲ್ಲಿ

ತಾಮ್ರದ ರಾಸಾಯನಿಕ ಸಂಕೇತ ಯಾವುದೆಂದು ಕೇಳಿದರೆ ಹೈಸ್ಕೂಲಿನ ಮಕ್ಕಳು 'ಸಿಯು' ಎಂದು ಥಟ್ಟನೆ ಹೇಳುತ್ತಾರೆ. ಏಕೆ ಎಂದರೆ, ಲ್ಯಾಟಿನ್ನಿನ 'ಕ್ಯೂಪ್ರಂ'ನಿಂದ ಬಂತು ಎನ್ನುತ್ತಾರೆ. ಆ ಕ್ಯೂಪ್ರಂ ಎಲ್ಲಿಂದ ಬಂತು ಎಂದರೆ ಮಾತ್ರ ತರಗತಿ ಮೌನವಾಗುತ್ತದೆ. ಅದು ಬಂದದ್ದು ಮೆಡಿಟರೇನಿಯನ್ ಸಮುದ್ರದ ಪೂರ್ವ ಮೂಲೆಯ ಸೈಪ್ರಸ್ ದ್ವೀಪದಿಂದ. ರೋಮನ್ನರು ತಾಮ್ರವನ್ನು 'ಸೈಪ್ರಸ್ಸಿನ ಲೋಹ' ಎಂದು ಕರೆದರು. ಆ ಹೆಸರೇ ಸವೆದು ಕ್ಯೂಪ್ರಂ ಆಯಿತು.

ಸಿಸಿಲಿ, ಸಾರ್ಡಿನಿಯಾಗಳ ನಂತರ ಆ ಸಮುದ್ರದ ಮೂರನೆಯ ದೊಡ್ಡ ದ್ವೀಪ ಇದು. ವಿಸ್ತೀರ್ಣ 9,251 ಚದರ ಕಿಲೋಮೀಟರ್. ಬಾಡಿಗೆಗೆ ಕಾರು ಹಿಡಿದು, ನಾವೇ ಓಡಿಸಿಕೊಂಡು, ಮಾರ್ಗದರ್ಶಿಯ ಹಂಗಿಲ್ಲದೆ ನೋಡಲು ಹೇಳಿ ಮಾಡಿಸಿದ ಜಾಗ. 1878ರಿಂದ 1960ರವರೆಗೆ ಬ್ರಿಟಿಷರ ಆಡಳಿತದಲ್ಲಿದ್ದುದರಿಂದ ಅಲ್ಲಿಯೂ ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲೇ ಓಡುತ್ತವೆ. ಹೆದ್ದಾರಿಯಲ್ಲಿ ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್, ಊರೊಳಗೆ 50. ಹೊರಡುವ ಮೊದಲೇ ನಮ್ಮ ಆರ್‌ಟಿಓ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಬೇಕು.

ವಿಮಾನ ಇಳಿಯುವ ಲಾರ್ನಾಕಾದಲ್ಲೇ ಮೊದಲ ಪಾಠ ಕಾದಿದೆ. ಊರಂಚಿನ ಉಪ್ಪಿನ ಸರೋವರ ಚಳಿಗಾಲದಲ್ಲಿ ತುಂಬುತ್ತದೆ, ಬೇಸಿಗೆಯಲ್ಲಿ ಒಣಗಿ ಬೆಳ್ಳಗಾಗುತ್ತದೆ. ನೀರಿರುವ ಕಾಲದಲ್ಲಿ ಫ್ಲೆಮಿಂಗೊ ಹಕ್ಕಿಗಳು ಹಿಂಡುಹಿಂಡಾಗಿ ಬರುತ್ತವೆ. ಅವುಗಳ ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದಲ್ಲ. ಉಪ್ಪು ನೀರಿನ ಸೀಗಡಿ, ಪಾಚಿಗಳಲ್ಲಿರುವ ಕ್ಯಾರೊಟಿನಾಯ್ಡ್ ವರ್ಣಕಗಳು ಹಕ್ಕಿಯ ಗರಿಗಳಿಗೆ ರಂಗು ಕೊಡುತ್ತವೆ. ಕ್ಯಾರೆಟ್ಟಿಗೆ ಬಣ್ಣ ಕೊಡುವುದೂ ಇದೇ ಮನೆತನದ ವಸ್ತು.

ಅಲ್ಲಿಂದ ಲಿಮಸೋಲ್ ಕಡೆಗೆ ಹೊರಟರೆ ದಾರಿಯಲ್ಲಿ ಖಿರೋಕಿಟಿಯಾ ಸಿಗುತ್ತದೆ. ಕ್ರಿಸ್ತಪೂರ್ವ ಏಳನೆಯ ಸಹಸ್ರಮಾನದ ನವಶಿಲಾಯುಗದ ಹಳ್ಳಿ ಅದು. 1998ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ದುಂಡನೆಯ ಮನೆಗಳ ಕಲ್ಲಿನ ಬುಡಗಳು ಈಗಲೂ ಇವೆ. ತೀರಿಕೊಂಡವರನ್ನು ಅವರು ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಬಸ್ಸಿನ ಪ್ರವಾಸವಾದರೆ ಇಂಥ ಕಡೆ 'ಹದಿನೈದು ನಿಮಿಷ' ಎಂದು ಕಂಡಕ್ಟರ್ ಕೂಗುತ್ತಾನೆ. ನಮ್ಮದೇ ಕಾರಾದರೆ ಮಗುವಿನ ಪ್ರಶ್ನೆ ಮುಗಿಯುವವರೆಗೂ ನಿಲ್ಲಬಹುದು.

ಲಿಮಸೋಲ್‌ನಿಂದ ಉತ್ತರಕ್ಕೆ ತಿರುಗಿದರೆ ಟ್ರೂಡೋಸ್ ಬೆಟ್ಟಗಳು. ಈ ಬೆಟ್ಟಗಳು ಸುಮಾರು 9 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳವಾಗಿದ್ದವು! ಆಫ್ರಿಕಾದ ಭೂಫಲಕ ಉತ್ತರಕ್ಕೆ ಒತ್ತಿ ಅಡಿಗೆ ನುಗ್ಗಿದಾಗ ಆ ತಳ ಮೇಲೆದ್ದಿತು. ಮೊದಲು ಬಿಳಿಯ ಸುಣ್ಣಕಲ್ಲು, ಮೇಲೇರಿದಂತೆ ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಲಾವಾ, ಇನ್ನೂ ಮೇಲೆ ಗ್ಯಾಬ್ರೊ ಎಂಬ ಕಪ್ಪು ಶಿಲೆ ಕಾಣುತ್ತದೆ. ಕುದಿಯುವ ಲಾವಾ ತಣ್ಣೀರಿಗೆ ಬಿದ್ದಾಗ ಹೊರಮೈ ಗಟ್ಟಿಯಾಗಿ ದಿಂಬಿನ ಆಕಾರ ತಾಳುತ್ತದೆ. 1,952 ಮೀಟರ್ ಎತ್ತರದ ಒಲಿಂಪಸ್ ಶಿಖರದಲ್ಲಿರುವುದಂತೂ ಭೂಮಿಯ ಹೊರಚಿಪ್ಪಿನ ಕೆಳಗಿನ ಮ್ಯಾಂಟಲ್ ಪದರದ ಕಲ್ಲು. ಅತಿ ಆಳದ್ದು ಅತಿ ಎತ್ತರದಲ್ಲಿ ಹೇಗೆ? ಈರುಳ್ಳಿಯ ನೆತ್ತಿ ಕೊಯ್ದು ನೋಡಿ. ಒಳಗಿನ ಪದರ ನಡುವೆ ಕಾಣುತ್ತದೆ, ಹೊರಗಿನವು ಸುತ್ತಲೂ ಉಳಿಯುತ್ತವೆ. ಗುಮ್ಮಟದಂತೆ ಉಬ್ಬಿದ ನೆಲದ ನೆತ್ತಿಯನ್ನು ಇಲ್ಲಿ ಕೊಯ್ದದ್ದು ಮಳೆ, ಗಾಳಿ.

ಸಮುದ್ರದ ತಳದಲ್ಲಿದ್ದಾಗ ಬಿಸಿನೀರಿನ ಬುಗ್ಗೆಗಳು ಹೊತ್ತು ತಂದು ಸುರಿದ ಅದಿರೇ ಆ ಪ್ರಸಿದ್ಧ ತಾಮ್ರ. ಪ್ರಾಚೀನರು ಅದಿರು ಕರಗಿಸಿ ಬಿಟ್ಟುಹೋದ ಕಿಟ್ಟದ ರಾಶಿಗಳು ಇಂದಿಗೂ ಇವೆ. ಒಟ್ಟು ಸುಮಾರು 40 ಲಕ್ಷ ಟನ್ ಎಂಬುದು ತಜ್ಞರ ಅಂದಾಜು. ಅಷ್ಟು ಅದಿರು ಕರಗಿಸಲು ಇದ್ದಲು ಬೇಕು, ಇದ್ದಲಿಗೆ ಮರ ಬೇಕು. ಎಷ್ಟು ಕಾಡು ಕುಲುಮೆಗೆ ಹೋಗಿರಬೇಡ! ಹತ್ತಿರದ ಅಮಿಯಾಂಡೋಸ್‌ನಲ್ಲಿ 1904ರಿಂದ 1988ರವರೆಗೆ ಕಲ್ನಾರು ತೆಗೆಯುತ್ತಿದ್ದರು. ಅದರ ಎಳೆ ಉಸಿರಿಗೆ ಸೇರಿದರೆ ಶ್ವಾಸಕೋಶಕ್ಕೆ ಕುತ್ತು. ಈಗ ಗಣಿ ಮುಚ್ಚಿ, ಮೆಟ್ಟಿಲು ಮೆಟ್ಟಿಲಾಗಿ ಮಣ್ಣು ಹಾಕಿ ಗಿಡ ನೆಡುತ್ತಿದ್ದಾರೆ. ತೆಗೆಯುವುದು ಸುಲಭ, ತುಂಬುವುದು ಎಷ್ಟು ಕಷ್ಟ ಎಂಬುದನ್ನು ಮಕ್ಕಳು ಅಲ್ಲಿ ಕಣ್ಣಾರೆ ನೋಡಬಹುದು.

ಬೆಟ್ಟ ಇಳಿದರೆ ರಾಜಧಾನಿ ನಿಕೋಸಿಯಾ. ಇಲ್ಲಿ ರಸ್ತೆ ಇದ್ದಕ್ಕಿದ್ದಂತೆ ಮುಗಿಯುತ್ತದೆ. ಗ್ರೀಕರು, ತುರ್ಕಿಗಳ ನಡುವೆ ಗಲಭೆಯೆದ್ದಾಗ 1963ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನಾಧಿಕಾರಿಯೊಬ್ಬರು ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಒಂದು ಗೆರೆ ಎಳೆದರು. 1974ರಲ್ಲಿ ಟರ್ಕಿಯ ಸೇನೆ ಬಂದ ಮೇಲೆ ಆ ಗೆರೆ ಇಡೀ ದ್ವೀಪವನ್ನೇ ಎರಡಾಗಿ ಸೀಳಿತು. 2003ರಿಂದ ಕೆಲವು ದ್ವಾರಗಳು ತೆರೆದಿವೆಯಾದರೂ ದಕ್ಷಿಣದ ಕಾರಿನ ವಿಮೆ ಉತ್ತರದಲ್ಲಿ ನಡೆಯುವುದಿಲ್ಲ.

ಈ ಗೆರೆಗೂ ಕೊಡಗಿಗೂ ಸಂಬಂಧವಿದೆ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯನವರು 1964ರಲ್ಲಿ ಅಲ್ಲಿನ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ, ಕರ್ತವ್ಯದಲ್ಲಿರುವಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಪರದೇಶದ ಸೇನಾನಿಗೆ ಒಂದು ದೇಶ ಕೊಡುವ ಗೌರವ ಇದಕ್ಕಿಂತ ಹೆಚ್ಚೇನಿದ್ದೀತು?

ಸೈಪ್ರಸ್ ಎಲ್ಲರ ಜೇಬಿಗೆ ಎಟುಕುವಂಥದ್ದಲ್ಲ, ಒಪ್ಪುತ್ತೇನೆ. ಆದರೆ ಹೀಗೆ ಪ್ರವಾಸ ಮಾಡುವ ಕ್ರಮಕ್ಕೆ ದುಡ್ಡು ಬೇಡ. ಪಾಲಕರೇ, ಮುಂದಿನ ರಜೆಯಲ್ಲಿ ಎಲ್ಲಿಗೇ ಹೊರಟರೂ ನಕ್ಷೆಯನ್ನು ಮಕ್ಕಳ ಕೈಗೆ ಕೊಡಿ. ಎಲ್ಲಿ ನಿಲ್ಲಬೇಕು, ಏಕೆ ನಿಲ್ಲಬೇಕು ಎಂದು ಅವರೇ ಹೇಳಲಿ. ಮಕ್ಕಳೇ, ಒಂದು ನೋಟ್‌ಬುಕ್ ಇಟ್ಟುಕೊಂಡು ರಸ್ತೆಗಾಗಿ ಗುಡ್ಡ ಕಡಿದ ಕಡೆಯಲ್ಲೆಲ್ಲ ಕಲ್ಲಿನ ಬಣ್ಣ, ಪದರಗಳನ್ನು ಬರೆದುಕೊಳ್ಳಿ. ಶಾಲೆ ತೆರೆದ ಮೊದಲ ದಿನ ಅದನ್ನು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.