ಬ್ಯಾಂಕ್ ಕೌಂಟರ್‌ನಿಂದ ಮೊಬೈಲ್ ಆ್ಯಪ್‌ವರೆಗೆ: ಮಹಿಳೆಯರ ಸಂಬಳ ಸೋರಿದ್ದೆಲ್ಲಿ?

ಮುಂಬೈನ ಫೋರ್ಟ್ ಎಂದರೆ ಒಂದು ಕಡೆ ರಿಸರ್ವ್ ಬ್ಯಾಂಕ್ ಕೇಂದ್ರ ಕಚೇರಿ, ಇನ್ನೊಂದು ಕಡೆ ದಲಾಲ್ ಸ್ಟ್ರೀಟ್‌ನ ಷೇರುಪೇಟೆ, ನಡುವೆ ಹೆಜ್ಜೆಗೊಂದು ಬ್ಯಾಂಕ್. ಬ್ಯಾಂಕ್ ಗಣಕೀಕರಣದ ಬಗ್ಗೆ ಸಿ. ರಂಗರಾಜನ್ ಸಮಿತಿ ವರದಿ ಕೊಟ್ಟಿದ್ದು 1984ರಲ್ಲಿ. 1995ರಲ್ಲಿ ಷೇರುಪೇಟೆಯಲ್ಲಿ ಕೂಗಿ ವ್ಯಾಪಾರ ಮಾಡುವ ಪದ್ಧತಿ ಹೋಗಿ ಕಂಪ್ಯೂಟರ್ ಪರದೆ ಬಂತು. 2016ರಲ್ಲಿ ಯುಪಿಐ ಬಂತು. ಪ್ರತಿ ಸಲವೂ ಎದ್ದ ಪ್ರಶ್ನೆ, ಎಷ್ಟು ಕೆಲಸ ಹೋಗುತ್ತದೆ ಎಂಬುದು. ಉಳಿದ ಕೆಲಸಕ್ಕೆ ಯಾರಿಗೆ ಎಷ್ಟು ಸಂಬಳ ಎಂದು ಕೇಳಿದವರು ಕಡಿಮೆ.

ಸಾರ್ವಜನಿಕ ಬ್ಯಾಂಕಿನ ಗುಮಾಸ್ತೆ ಹುದ್ದೆ ಮಧ್ಯಮ ವರ್ಗದ ಮಹಿಳೆಯರಿಗೆ ದೊಡ್ಡ ಆಸರೆಯಾಗಿತ್ತು. ಕಾರಣ ಸರಳ. ಬ್ಯಾಂಕ್‌ಗಳ ಸಂಘ ಮತ್ತು ನೌಕರರ ಒಕ್ಕೂಟಗಳ ನಡುವೆ 1966ರಲ್ಲಿ ಶುರುವಾದ ದ್ವಿಪಕ್ಷೀಯ ಒಪ್ಪಂದದ ವೇತನ ಪಟ್ಟಿಗೆ ಗಂಡು-ಹೆಣ್ಣೆಂಬ ಭೇದವಿಲ್ಲ. ಸೇವಾವಧಿ ಎಷ್ಟೋ ಸಂಬಳ ಅಷ್ಟು. 2024ರ ಮಾರ್ಚ್‌ನಲ್ಲಿ ಸಹಿಯಾದ 12ನೇ ಒಪ್ಪಂದದ ಶೇ 17ರಷ್ಟು ಹೆಚ್ಚಳವೂ ಇಬ್ಬರಿಗೂ ಒಂದೇ.

ಡಿಜಿಟಲ್ ವ್ಯವಸ್ಥೆ ಈ ಪಟ್ಟಿಯನ್ನು ಹರಿದು ಹಾಕಲಿಲ್ಲ. ಕೆಲಸವನ್ನೇ ಪಟ್ಟಿಯಿಂದ ಹೊರಗೆ ಸಾಗಿಸಿತು. 2006ರಲ್ಲಿ ರಿಸರ್ವ್ ಬ್ಯಾಂಕ್ ವ್ಯವಹಾರ ಪ್ರತಿನಿಧಿಗಳಿಗೆ ಅನುಮತಿ ಕೊಟ್ಟಿತು. ಕೌಂಟರ್‌ನಲ್ಲಿ ನಡೆಯುತ್ತಿದ್ದ ಹಣ ಕಟ್ಟುವ, ತೆಗೆಯುವ ಕೆಲಸ ಈಗ ಹಳ್ಳಿಯ ಬ್ಯಾಂಕ್ ಮಿತ್ರರ ಕೈಯ ಯಂತ್ರಕ್ಕೆ ಬಂದಿದೆ. ಸ್ವಸಹಾಯ ಸಂಘಗಳ ಮಹಿಳೆಯರನ್ನೂ ಇದಕ್ಕೆ ಸೇರಿಸಿಕೊಳ್ಳಲಾಗಿದೆ. ಊರಿನಲ್ಲೇ ದುಡಿಮೆ, ಗೌರವ ಸಿಕ್ಕಿದ್ದು ಸುಳ್ಳಲ್ಲ. ಆದರೆ ಗಳಿಕೆ ಬಹುಪಾಲು ಕಮಿಷನ್ ಮೇಲೆ. ನೆಟ್‌ವರ್ಕ್ ಕೈಕೊಟ್ಟ ದಿನ ಕೂಲಿಯೂ ಕೈಕೊಡುತ್ತದೆ. ಒಂದೇ ಬ್ಯಾಂಕಿನ ಅದೇ ಸೇವೆಗೆ ಒಬ್ಬಳು ಪಿಂಚಣಿ ಯೋಜನೆಯ ನೌಕರಳು, ಇನ್ನೊಬ್ಬಳು ಏಜೆಂಟ್.

ಕಚೇರಿಯೊಳಗೆ ಉಳಿದವರ ಕಥೆ ಬೇರೆ. ವೇತನ ಅಂತರದ ಬಗ್ಗೆ ಸಂಶೋಧಿಸಿ 2023ರ ಅರ್ಥಶಾಸ್ತ್ರ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ತೋರಿಸಿದ್ದು ಇದನ್ನೇ: ಹೊತ್ತುಗೊತ್ತಿಲ್ಲದೆ ಲಭ್ಯವಿರುವವರಿಗೆ ಕೆಲವು ಹುದ್ದೆಗಳು ಅಳತೆಮೀರಿ ಸಂಬಳ ಕೊಡುತ್ತವೆ, ಮಕ್ಕಳಿರುವ ಮಹಿಳೆಯರು ಅಲ್ಲಿ ಹಿಂದೆ ಬೀಳುತ್ತಾರೆ. ರಾತ್ರಿ ಹತ್ತಕ್ಕೂ ವಾಟ್ಸ್ಆ್ಯಪ್ ಗುಂಪಿನಲ್ಲಿ ಗುರಿ ಕೇಳುವ ಇಂದಿನ ಬ್ಯಾಂಕಿಂಗ್‌ಗೆ ಈ ಮಾತು ಹೇಳಿಸಿದಂತಿದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸ ಮಾಡುವ ಮಹಿಳೆ ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ, ಪುರುಷ ಕೊಡುವುದು 88 ನಿಮಿಷ. ಲೋಕಲ್ ಟ್ರೇನಿನಲ್ಲಿ ವಿರಾರ್‌ನಿಂದಲೋ ಕಲ್ಯಾಣ್‌ನಿಂದಲೋ ಫೋರ್ಟ್‌ಗೆ ಬರುವವಳ ಪ್ರಯಾಣದ ಲೆಕ್ಕ ಇದರಲ್ಲಿ ಸೇರಿಲ್ಲ.

ಇನ್ನು ಕಾನೂನು. 2025ರ ನವೆಂಬರ್ 21ರಂದು ಜಾರಿಯಾದ ವೇತನ ಸಂಹಿತೆ ಒಂದೇ ಬಗೆಯ ಕೆಲಸಕ್ಕೆ ಲಿಂಗಾಧಾರಿತ ಸಂಬಳ ತಾರತಮ್ಯವನ್ನು ನಿಷೇಧಿಸುತ್ತದೆ. 1976ರ ಸಮಾನ ವೇತನ ಕಾಯ್ದೆಯ ಆಶಯವೂ ಇದೇ ಆಗಿತ್ತು. ಇಲ್ಲಿ ಹೋಲಿಕೆ ಒಬ್ಬ ಮಾಲೀಕನ ಕೆಳಗಿನ ನೌಕರರ ನಡುವೆ ಮಾತ್ರ. ನೌಕರಳೇ ಅಲ್ಲದ ಏಜೆಂಟಳನ್ನು ಯಾರೊಂದಿಗೆ ಹೋಲಿಸುವುದು? ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಕಲ್ಯಾಣ ನಿಧಿ ಕೊಟ್ಟಿದೆ. ಅದು ಸ್ವಾಗತಾರ್ಹವೇ, ಆದರೆ ಸಮಾನ ಸಂಬಳದ ಪ್ರಶ್ನೆಗೆ ಉತ್ತರವಲ್ಲ.

ಸೆಬಿ ನಿಯಮದಂತೆ ಅಗ್ರ 1,000 ಲಿಸ್ಟೆಡ್ ಕಂಪನಿಗಳು ಪುರುಷ ಮತ್ತು ಮಹಿಳಾ ನೌಕರರ ಮಧ್ಯಾಂಕ ವೇತನವನ್ನು ಪ್ರತಿವರ್ಷ ಬಹಿರಂಗಪಡಿಸಬೇಕು. ದೊಡ್ಡ ಬ್ಯಾಂಕ್‌ಗಳ ಆ ವರದಿಗಳು ದಲಾಲ್ ಸ್ಟ್ರೀಟ್‌ನ ಷೇರುಪೇಟೆಗೆ ಸಲ್ಲಿಕೆಯಾಗುತ್ತವೆ. ಕಮಿಷನ್‌ಗೆ ದುಡಿಯುವ ಬ್ಯಾಂಕ್ ಮಿತ್ರೆಯ ಗಳಿಕೆ ಆ ಮಧ್ಯಾಂಕದ ಲೆಕ್ಕಕ್ಕೆ ಬರುವುದಿಲ್ಲ.